ಗೆದ್ದಲಿನ ಕೆಲಸ

ಆಟಿ ತಿಂಗಳಲ್ಲಿ ಚಾರ್ಮಾಡಿಯ ಮನೆಗಳಲ್ಲಿ ಒಂದು ಬೈರಾಸು ಒಣಗಿಸುವುದೇ ಸಾಹಸ. ಅಂಥ ಮಳೆಯಲ್ಲಿ ನಾನೂ ಮೊಮ್ಮಗನೂ ಒಂದು ಬುಟ್ಟಿ ಪ್ಲಾಸ್ಟಿಕ್ ಇಟ್ಟಿಗೆ ತೊಳೆಯಲು ಕೂತಿದ್ದೆವು. ಹಾವಿಗೆ ಮನೆ ಕಟ್ಟಬೇಕಂತೆ.

ಮಗಳ ಸಂಸಾರ ಇರುವುದು ಮಿಶಿಗನ್‌ನಲ್ಲಿ. ಅಲ್ಲಿ ಈ ಹತ್ತು ವರ್ಷದ ಪೋರ ಗಾಜಿನ ಪೆಟ್ಟಿಗೆಯಲ್ಲಿ ಬಾಲ್ ಪೈಥಾನ್ ಸಾಕಿದ್ದಾನೆ. ಪಶ್ಚಿಮ ಆಫ್ರಿಕದ ಕಡೆಯ ಕಿರಿಜಾತಿಯ ಹೆಬ್ಬಾವು ಅದು. ನಾಲ್ಕೈದು ಅಡಿಗಿಂತ ಹೆಚ್ಚು ಬೆಳೆಯುವುದು ಅಪರೂಪ, ಹೆದರಿದರೆ ತಲೆಯನ್ನು ನಡುವೆ ಅಡಗಿಸಿಕೊಂಡು ಚೆಂಡಾಗುತ್ತದೆ. ನಮ್ಮ ತೋಟಕ್ಕೆ ಬಂದು ಕೋಳಿ ನುಂಗುವ ಹೆಬ್ಬಾವಿನ ಮುಂದೆ ಇದು ಹಾವೂ ಅಲ್ಲ ಹುಳವೂ ಅಲ್ಲ. ಆದರೆ ನಮ್ಮದನ್ನು ಹೀಗೆ ಪೆಟ್ಟಿಗೆಯಲ್ಲಿಟ್ಟು ಸಾಕಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಸಾಕುವುದೇಕೆ? ಕೇರೆ ಹಂಚಿನ ಸಂದಿಯಲ್ಲಿದೆ, ಒಳ್ಳೆ ಹಾವು ಸೌದೆ ಕೊಟ್ಟಿಗೆಯಲ್ಲಿದೆ. ಬಾಡಿಗೆ ಕೇಳದೆ ಇಟ್ಟುಕೊಂಡಿದ್ದೇವೆ.

ಇಟ್ಟಿಗೆಗಳು ಅವನ ಅಮ್ಮನವು. ಅವಳು ಚಿಕ್ಕವಳಿದ್ದಾಗ ದುಬೈಯಲ್ಲಿದ್ದ ಸೋದರಮಾವ ತಂದುಕೊಟ್ಟ ಲೆಗೋ. 2019ರ ಆಗಸ್ಟ್‌ನಲ್ಲಿ ಘಾಟಿ ಕುಸಿದು ರಸ್ತೆ ಮುಚ್ಚಿದ ಆ ಮಳೆಗೆ ಮೃತ್ಯುಂಜಯ ಹೊಳೆ ನಮ್ಮ ತೋಟಕ್ಕೂ ನುಗ್ಗಿತ್ತು. ಕೊಟ್ಟಿಗೆಯಲ್ಲಿದ್ದ ಪೆಟ್ಟಿಗೆ ಕೆಸರು ಕುಡಿಯಿತು. ಎಸೆಯಲು ಮನಸ್ಸಾಗದೆ ಅಟ್ಟಕ್ಕೆ ಹಾಕಿದ್ದೆ. ಹುಡುಗ ಅದನ್ನು ಕಂಡು ಕುಣಿದಾಡಿದ. ಡೆನ್ಮಾರ್ಕಿನವರು 1958ರಲ್ಲಿ ಪೇಟೆಂಟ್ ಪಡೆದ ಜೋಡಣೆ ಇವತ್ತಿಗೂ ಬದಲಾಗಿಲ್ಲವಾದ್ದರಿಂದ ಅಮ್ಮನ ಇಟ್ಟಿಗೆ ಮಗನ ಇಟ್ಟಿಗೆಗೆ ಸರಿಯಾಗಿ ಕೂರುತ್ತದೆ. ನಮ್ಮ ಮುರಕಲ್ಲಿಗೆ ಆ ಭಾಗ್ಯವಿಲ್ಲ. ಒಂದು ಕೋರೆಯ ಕಲ್ಲು ಇನ್ನೊಂದು ಕೋರೆಯದಕ್ಕೆ ಹೊಂದದೆ ಮೇಸ್ತ್ರಿ ಬೈಯುತ್ತಲೇ ಕೆತ್ತುತ್ತಾನೆ.

ತೊಳೆಯುವುದೆಂದರೆ ನನಗೆ ಗೊತ್ತಿದ್ದದ್ದು ಬಚ್ಚಲ ಹಂಡೆಯ ಕುದಿನೀರು. ಚೊಂಬು ಎತ್ತಿದೆನೋ ಇಲ್ಲವೋ, "ಅಜ್ಜ, ನೋ!" ಎಂದು ಕೈ ಹಿಡಿದ. ನೀರು ನಲವತ್ತು ಡಿಗ್ರಿ ದಾಟಬಾರದು, ದಾಟಿದರೆ ಪ್ಲಾಸ್ಟಿಕ್ ಸೊಟ್ಟಗಾಗಿ ಹಲ್ಲು ಕಚ್ಚುವುದಿಲ್ಲ. ಅಜ್ಜಿ ಬಂದು ಮೊಣಕೈ ಅದ್ದಿ ನೋಡಿ, "ಶಿಶುವಿಗೆ ಮೀಯಿಸುವ ಹದ" ಎಂದು ಸರ್ಟಿಫಿಕೇಟು ಕೊಟ್ಟಳು. ಮರುಕ್ಷಣ ಫಿನಾಯಿಲ್ ಬಾಟಲಿ ತಂದಳು. ಅದೂ ಕೂಡದು. ಹಾವು ನಾಲಗೆ ಚಾಚುವುದೇ ವಾಸನೆ ಹಿಡಿಯಲು. ಗಾಳಿಯ ಕಣಗಳನ್ನು ಒಳಗೆಳೆದು ಅಂಗುಳಿನ ಜೇಕಬ್ಸನ್ ಅಂಗಕ್ಕೆ ಒಪ್ಪಿಸುತ್ತದೆ. ನಮಗೆ ಶುಚಿಯ ಪರಿಮಳವಾದ ಫಿನಾಯಿಲ್ ಅದಕ್ಕೆ ವಿಷ. ಕೊನೆಗೆ ಪಾತ್ರೆ ಸೋಪಿನ ನಾಲ್ಕು ಹನಿ, ಹಳೆಯ ಹಲ್ಲುಜ್ಜುವ ಬ್ರಶ್, ಮೂರು ಸಲ ಬರೀ ನೀರು ಎಂದು ತೀರ್ಮಾನವಾಯಿತು.

ಕೆಸರು ಮೇಲಿನ ಗುಬುಟುಗಳ ನಡುವಿನಿಂದ ಬೇಗ ಬಿಟ್ಟಿತು. ಕಷ್ಟವೆಲ್ಲ ಅಡಿಯ ಪೊಳ್ಳಿನಲ್ಲಿ. ಬೈಹುಲ್ಲಿನ ಕಡ್ಡಿ ತುರುಕಿದರೆ ಹೊಳೆಯ ನುಣ್ಣನೆ ಮಣ್ಣು ಬತ್ತಿಯ ಹಾಗೆ ಹೊರಬರುತ್ತಿತ್ತು. ಕಚ್ಚಿಕೊಂಡಿದ್ದ ಒಂದು ಜೋಡಿಯ ಮೇಲೆ ನನ್ನ ಹಲ್ಲು ಪ್ರಯೋಗಿಸಲು ಹೋಗಿ, ಕಟ್ಟಿಸಿದ ಹಲ್ಲೆಂಬುದು ನೆನಪಾಗಿ ಬಿಟ್ಟೆ.

ಅಂಗಳ ಗುಡಿಸಲು ಬರುವ ಹೆಂಗಸು ಬಾಗಿಲಲ್ಲಿ ನಿಂತು ಕೇಳಿದಳು: "ಉಚ್ಚುಗು ಇಲ್ಲಾ?"

ಹುಡುಗನಿಗೆ ಅರೆ ಕನ್ನಡ ಬರುತ್ತದೆ, ತುಳು ಬಾರದು. "ಇದೆ, ಅಲ್ಲಿ ಮನೆಯಲ್ಲಿದೆ" ಎಂದ. ಹಾವಿಗೆ ಮನೆಯೋ ಎಂದು ಅವಳು ಕೇಳಿದ್ದು, ಇಲ್ಲವೋ ಎಂದು ಇವನು ಕೇಳಿಸಿಕೊಂಡದ್ದು. ಉತ್ತರ ಎರಡಕ್ಕೂ ಸರಿಯಾಗಿತ್ತು. ಅವಳು ಕೈಮುಗಿದು ಹೋದಳು.

ಮನೆ ಎಷ್ಟು ದೊಡ್ಡದಿರಬೇಕು ಎಂದೆ. ಉಪ್ಪರಿಗೆ, ಕಿಟಕಿ ಎಲ್ಲ ಇರಲಿ ಎಂಬ ಹುಮ್ಮಸ್ಸು ನನ್ನದು. ಅವನು ಅಜ್ಜಿಯ ಕಾಫಿ ಸಾಸರ್ ತಂದು ತೋರಿಸಿದ. ಸುತ್ತಿಕೊಂಡಾಗ ಮೈ ನಾಲ್ಕೂ ಗೋಡೆಗೆ ತಾಗಬೇಕು, ಒಳಗೆ ಕತ್ತಲಿರಬೇಕು, ಒಂದೇ ಕಂಡಿ. ದೊಡ್ಡದಾದರೆ ಅದಕ್ಕೆ ಭಯ. ಆಫ್ರಿಕದಲ್ಲಿ ಅವು ಇಲಿಬಿಲದಲ್ಲಿ, ಗೆದ್ದಲ ಹುತ್ತದಲ್ಲಿ ಇರುತ್ತವಂತೆ. ಅದನ್ನು ಕೇಳಿ ನನಗೆ ನಗು ಬಂತು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಒಡೆಯನಾಗುವ ಗಾದೆಯನ್ನು ನಾವು ದೂರು ಹೇಳಲಿಕ್ಕೆ ಬಳಸುತ್ತೇವೆ. ಇಲ್ಲಿ ಗೆದ್ದಲೇ ಸಂತೋಷದಿಂದ ಮೂಗಿನ ತುದಿಗೆ ನೊರೆ ಹಚ್ಚಿಕೊಂಡು ಕೂತಿದೆ.

ನಾಗನಿಗೆ ನಾವು ಕಟ್ಟಿದ್ದು ನೆನಪಾಯಿತು. ಮೊದಲು ಬನವೆಂದರೆ ಮರ, ಬಳ್ಳಿ, ತರಗೆಲೆ, ನಡುವೆ ಕಲ್ಲು. ವರ್ಷಕ್ಕೊಮ್ಮೆ ತಂಬಿಲ, ಪಂಚಮಿಗೆ ಹಾಲು-ಸೀಯಾಳ, ಉಳಿದ ದಿನ ಆ ಕಡೆ ಕಾಲಿಡುವಂತಿಲ್ಲ. ಈಗ ಎಷ್ಟೋ ಕಡೆ ಮರ ಕಡಿದು, ಕಾಂಕ್ರೀಟ್ ಕಟ್ಟೆ ಕಟ್ಟಿ, ಟೈಲ್ಸ್ ಹಾಕಿ, ಗೇಟಿಗೆ ಬೀಗ ಜಡಿದಿದ್ದೇವೆ. ಚಂದ ಕಾಣುತ್ತದೆ. ಮಧ್ಯಾಹ್ನದ ಬಿಸಿಲಿಗೆ ಅಲ್ಲಿ ಬರಿಗಾಲಲ್ಲಿ ನಿಲ್ಲಲಾಗುವುದಿಲ್ಲ, ಹೊಟ್ಟೆಯಲ್ಲಿ ಹರಿಯುವವನ ಪಾಡೇನೋ. ನಮ್ಮ ಕುಟುಂಬದ ಬನದ ಜೀರ್ಣೋದ್ಧಾರಕ್ಕೆ ವಂತಿಗೆ ಕೊಟ್ಟವರಲ್ಲಿ ನಾನೂ ಒಬ್ಬ. ಸಾಸರ್ ಹಿಡಿದು ಅಳತೆ ಕೇಳುವವರು ಆ ಸಭೆಯಲ್ಲಿ ಇರಲಿಲ್ಲ.

ಒಣಗಿಸುವ ಪ್ರಶ್ನೆ ಉಳಿಯಿತು. ಒಲೆಯ ಮೇಲಿನ ಅಟ್ಟಳಿಗೆಯ ಬಿಸಿ ಆಗದು, ಬಿಸಿಲು ಊರಲ್ಲೇ ಇಲ್ಲ. ಪೊಳ್ಳಿನಲ್ಲಿ ಹನಿ ನಿಂತರೆ ಬೂಸರು. ಚಾವಡಿಯಲ್ಲಿ ಹಳೆ ಪಂಚೆ ಹಾಸಿ, ಒಂದೊಂದನ್ನೂ ಕುಟ್ಟಿ ನೀರು ಕೆಡವಿ, ಫ್ಯಾನ್ ಹಾಕಿದೆವು. ಕರೆಂಟು ಹೋದಾಗಲೆಲ್ಲ ನಾನು ಅಡಿಕೆ ಹಾಳೆಯಿಂದ ಗಾಳಿ ಹಾಕಿದೆ. ಐದು ದಿನ ಬೇಕಾಯಿತು.

ಅವರು ಹೊರಟ ವಾರದಲ್ಲೇ ವಿಡಿಯೋ ಬಂತು. ಕೆಂಪು ಗೋಡೆ, ಹಳದಿ ಮಾಡು, ತೊಲೆಯಂತೆ ಬಿಳಿ ಸಾಲು, ಎಲ್ಲ ನಾವು ತೊಳೆದವೇ. ಹಾವು ಮಾತ್ರ ಅದರ ಪಕ್ಕದಲ್ಲಿ, ಬಿಸ್ಕೆಟಿನ ರಟ್ಟಿನ ಡಬ್ಬಿಯೊಳಗೆ ಮಲಗಿತ್ತು. ಹುಡುಗನ ಮುಖ ಸಣ್ಣಗಾಗಿತ್ತು.

ಅಜ್ಜಿ ಕನ್ನಡಕ ಸರಿಮಾಡಿಕೊಂಡು ಪರದೆಯನ್ನು ಹತ್ತಿರ ತಂದು ನೋಡಿದಳು.

"ಮನೆ ಒಕ್ಕಲು ಮಾಡಿದೆಯೇನೋ ಮಗಾ?"