ಜೀಪು ಕಟ್ಟಿ ನೋಡು, ಮಾರಿ ನೋಡು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಈ ಎರಡನ್ನೂ ನಾವು ಮಾಡಿ ನೋಡಿದ್ದೇವೆ. ಆದರೆ ಅವೆರಡೂ ಕಲಿಸದ ಪಾಠವೊಂದನ್ನು ಕಲಿಸಿದ ಮೂರನೆಯ ಕೆಲಸವೊಂದುಂಟು. ಅದು ಗುಜರಿಗೆ ಸೇರಿದ್ದ ಜೀಪೊಂದನ್ನು ಮನೆಯಂಗಳದಲ್ಲಿ ಕಟ್ಟಿ, ಓಡಿಸಿ, ಕೊನೆಗೆ ಮಾರಿದ ಪ್ರಸಂಗ. ಹಳ್ಳಿಶಾಲೆಯ ಮುಖ್ಯೋಪಾಧ್ಯಾಯರಿಗೆ ಈ ಉಸಾಬರಿ ಏಕೆ ಬೇಕಿತ್ತೆಂದು ಕೇಳಿದವರು ಹಲವರು. ಅವರೆಲ್ಲರಿಗೂ ಒಟ್ಟಾಗಿ ಇಲ್ಲಿ ಉತ್ತರ ಹೇಳುತ್ತಿದ್ದೇವೆ.

ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ರಸ್ತೆಯಿಂದ ಒಳಗೆ ತಿರುಗಿ, ಎರಡು ಗುಡ್ಡ ಹತ್ತಿ ಇಳಿದರೆ ನಮ್ಮ ಊರು. ನಮ್ಮ ಬಾಲ್ಯದಲ್ಲಿ ಅಲ್ಲಿಗೆ ಬಸ್ಸು ಬರುತ್ತಿರಲಿಲ್ಲ. ಅಡಿಕೆ ಮೂಟೆಗೂ ಮದುವೆಯ ದಿಬ್ಬಣಕ್ಕೂ ಹೆರಿಗೆಗೆ ಹೊರಟ ಹೆಂಗಸರಿಗೂ ಜೀಪೊಂದೇ ಗತಿ. 1981ರ ಮಳೆಗಾಲದ ಒಂದು ರಾತ್ರಿ ನಮ್ಮ ತಂದೆಯವರಿಗೆ ಹೊಟ್ಟೆನೋವು ವಿಪರೀತವಾದಾಗ ಅವರನ್ನು ಮಂಗಳೂರಿನ ಆಸ್ಪತ್ರೆಗೆ ಮುಟ್ಟಿಸಿದ್ದು ನೆರೆಮನೆಯವರ ಜೀಪು. ತಂದೆಯವರು ಬದುಕಿ ಬಂದರು. ಆಗ ನಮಗೆ ಹನ್ನೆರಡರ ಪ್ರಾಯ. ಹಿಂದಿನ ಸೀಟಿನಲ್ಲಿ ತಂದೆಯವರ ತಲೆಯನ್ನು ತೊಡೆಯ ಮೇಲಿರಿಸಿಕೊಂಡು ಕುಳಿತಿದ್ದವರು ನಮ್ಮ ಅಣ್ಣನವರು.

2012ರಲ್ಲಿ ಅದೇ ಜೀಪು ಗುಜರಿ ಅಂಗಡಿಯೊಂದರ ಹಿತ್ತಿಲಿನಲ್ಲಿ ಬಳ್ಳಿ ಹಬ್ಬಿಸಿಕೊಂಡು ನಿಂತಿರುವುದನ್ನು ಅಣ್ಣನವರು ಕಂಡರು. ಮರುದಿನವೇ ₹22,000 ಕೊಟ್ಟು, ಲಾರಿಯಲ್ಲಿ ಹೇರಿಸಿಕೊಂಡು ಮನೆಗೆ ತಂದರು. 1968ರಲ್ಲಿ ನೋಂದಣಿಯಾಗಿದ್ದ ಮಹೀಂದ್ರ ಜೀಪು. ಅಮೆರಿಕದ ವಿಲ್ಲೀಸ್ ಸಂಸ್ಥೆಯು 1953ರಲ್ಲಿ ಹೊರತಂದ ಸಿಜೆ-3ಬಿ ಎಂಬ ಮಾದರಿಯನ್ನು ಮಹೀಂದ್ರದವರು ನಮ್ಮ ದೇಶದಲ್ಲಿ ಬಹುಕಾಲ ತಯಾರಿಸಿದರು. ಅದರ ಮುಂಭಾಗ ಹಿಂದಿನ ಜೀಪುಗಳಿಗಿಂತ ಎತ್ತರ. ಕಾರಣ ಎಂಜಿನಿನಲ್ಲಿದೆ. ಹಳೆಯ ಜೀಪಿನಲ್ಲಿ ವಾಲ್ವುಗಳೆಲ್ಲ ಸಿಲಿಂಡರಿನ ಪಕ್ಕದಲ್ಲಿದ್ದವು. ಈ ‘ಹರಿಕೇನ್’ ಎಂಜಿನಿನಲ್ಲಿ ಗಾಳಿ, ಪೆಟ್ರೋಲು ಒಳಬರುವ ವಾಲ್ವು ಮೇಲಕ್ಕೇರಿತು. ಹೊಗೆ ಹೊರಹೋಗುವ ವಾಲ್ವು ಮಾತ್ರ ಪಕ್ಕದಲ್ಲಿಯೇ ಉಳಿಯಿತು. ಎಂಜಿನ್ ಎತ್ತರವಾದುದರಿಂದ ಮುಚ್ಚಳವನ್ನೂ ಎತ್ತರಿಸಬೇಕಾಯಿತು.

‘ತಿಳಿದುದರಿಂದ ತಿಳಿಯದುದರ ಕಡೆಗೆ ಸಾಗು’ ಎಂಬ ಸೂತ್ರವನ್ನು ಶಿಕ್ಷಕ ತರಬೇತಿಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೆವು. ಅದರ ಅರ್ಥ ನಮಗೆ ನಿಜವಾಗಿ ಹೊಳೆದದ್ದು ಜೀಪಿನ ಅಡಿಯಲ್ಲಿ ಮಲಗಿದಾಗ. ಬಿಚ್ಚಿದ ಒಂದೊಂದು ಬೋಲ್ಟನ್ನೂ ಡಬ್ಬಿಗೆ ಹಾಕಿ ಸಂಖ್ಯೆ ಬರೆದೆವು. ಅದೇ ಸಂಖ್ಯೆಯನ್ನು ನೋಟುಪುಸ್ತಕದಲ್ಲಿ ಚಿತ್ರಸಹಿತ ದಾಖಲಿಸಿದೆವು. ಚಾಸಿ ಸೊಟ್ಟಗಾಗಿದೆಯೇ ಎಂದು ನೋಡಲು ನೂಲು ಹಿಡಿದು ಎರಡು ಕರ್ಣಗಳನ್ನು ಅಳೆದೆವು. ಆಯತದ ಕರ್ಣಗಳು ಸಮ ಎಂದು ಮಕ್ಕಳಿಗೆ ಇಷ್ಟು ವರ್ಷ ಹೇಳಿಕೊಟ್ಟದ್ದು ಅಂದು ನಮ್ಮ ಉಪಯೋಗಕ್ಕೆ ಬಂತು. ತುಕ್ಕು ತಿಂದ ನೆಲದ ತಗಡನ್ನು ಕತ್ತರಿಸಿ ತೆಗೆದು ಹೊಸದನ್ನು ಬೆಸುಗೆ ಹಾಕಿಸಿದೆವು. ಭಾನುವಾರ, ಓಣಂ ರಜೆ, ಬೇಸಗೆ ರಜೆ ಎಲ್ಲವೂ ಅಡಿಕೆ ಕೊಟ್ಟಿಗೆಯಲ್ಲಿಯೇ ಕಳೆದವು. 2015ರ ಜನವರಿಯಲ್ಲಿ ಸಾರಿಗೆ ಇಲಾಖೆಯ ಇನ್ಸ್‌ಪೆಕ್ಟರರು ಪರೀಕ್ಷಿಸಿ ಐದು ವರ್ಷಗಳ ಅವಧಿಗೆ ನೋಂದಣಿ ನವೀಕರಿಸಿಕೊಟ್ಟರು. ಆ ಸಂಜೆ ಅಣ್ಣನವರು ಮೊದಲು ಕರೆದುಕೊಂಡು ಹೋದದ್ದು ತೊಂಬತ್ತರ ಗಡಿಯಲ್ಲಿದ್ದ ನಮ್ಮ ತಾಯಿಯವರನ್ನು.

ಆ ಸಂತೋಷ ನಾಲ್ಕೇ ತಿಂಗಳು. ಮೇ ತಿಂಗಳಲ್ಲಿ ಮದುವೆಯೊಂದರಿಂದ ಹಿಂದಿರುಗುವಾಗ ಏರಿನಲ್ಲಿ ಫ್ಯಾನ್ ಬೆಲ್ಟು ತುಂಡಾಯಿತು. ರೇಡಿಯೇಟರಿನ ನೀರು ಕುದಿದು ಹೊರಚೆಲ್ಲಿತು. ಮನೆ ಹತ್ತಿರವೇ ಇದೆಯೆಂದು ಹಾಗೆಯೇ ಓಡಿಸಿದೆವು. ತಲಪಿದೊಡನೆ ಬಾವಿಯ ತಣ್ಣೀರನ್ನು ಸುರಿದೆವು. ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಏನಾಗುವುದೆಂದು ವಿಜ್ಞಾನ ಪಾಠದಲ್ಲಿ ಹೇಳುವವರೇ ನಾವು. ಎಂಜಿನಿನ ಬ್ಲಾಕು ವಾಲ್ವಿನ ಪೀಠದಿಂದ ಸಿಲಿಂಡರಿನವರೆಗೆ ಬಿರುಕು ಬಿಟ್ಟಿತು.

ಆಗ ಬಂದದ್ದು ಇಂಜಿನಿಯರಿಂಗ್ ಓದಿದ ಅಣ್ಣನ ಮಗನ ಸಲಹೆ. “ಹಳೆಯ ಎಂಜಿನಿಗೆ ಅಳುವುದೇಕೆ ಚಿಕ್ಕಪ್ಪಾ? ಡೀಸೆಲ್ ಎಂಜಿನ್ ಕೂರಿಸುವ. ಅಮೆರಿಕದಲ್ಲಿ ಇದಕ್ಕೇ ಹಾಟ್ ರಾಡ್ ಅನ್ನುವುದು” ಎಂದು ಆತನು ಅಲ್ಲಿಯ ಕಥೆ ಹೇಳಿದನು. ನಾವೂ ಆಸಕ್ತಿಯಿಂದ ಆ ಕುರಿತು ಓದಿದೆವು. 1932ರಲ್ಲಿ ಹೆನ್ರಿ ಫೋರ್ಡರು ಎಂಟು ಸಿಲಿಂಡರುಗಳ ವಿ-8 ಎಂಜಿನನ್ನು ಸಾಮಾನ್ಯ ಜನರು ಕೊಳ್ಳಬಹುದಾದ ಕಾರಿನಲ್ಲಿ ಇರಿಸಿದರು. ದಕ್ಷಿಣ ಕ್ಯಾಲಿಫೋರ್ನಿಯದ ಹುಡುಗರು ಹಳೆಯ ಫೋರ್ಡುಗಳನ್ನು ಅಗ್ಗಕ್ಕೆ ಕೊಂಡು, ಮಡ್‌ಗಾರ್ಡು ಕಳಚಿ, ಮಾಡನ್ನು ಕತ್ತರಿಸಿ ತಗ್ಗಿಸಿ, ಎಂಜಿನಿಗೆ ಬಲ ತುಂಬಿ ಮ್ಯುರಾಕ್, ಎಲ್ ಮಿರಾಜ್ ಮುಂತಾದ ಬತ್ತಿದ ಸರೋವರಗಳ ಮೇಲೆ ವೇಗ ಪರೀಕ್ಷಿಸುತ್ತಿದ್ದರಂತೆ. 1937ರಲ್ಲಿ ಅವರ ಸಂಘಗಳು ಒಂದುಗೂಡಿ ಸ್ಪರ್ಧೆಗೊಂದು ಶಿಸ್ತನ್ನು ತಂದವು. 1948ರ ಜನವರಿಯಲ್ಲಿ ‘ಹಾಟ್ ರಾಡ್’ ಎಂಬ ಹೆಸರಿನ ಪತ್ರಿಕೆಯೇ ಹೊರಟಿತು. 1949ರಿಂದ ಬಾನ್‌ವಿಲ್ಲಿನ ಉಪ್ಪಿನ ಬಯಲಿನಲ್ಲಿಯೂ ಅವರ ಕೂಟ ನಡೆಯಿತು. ಹೊಸದನ್ನು ಕೊಳ್ಳಲಾಗದವನು ಹಳೆಯದನ್ನು ತನ್ನ ಕೈಯಿಂದಲೇ ಹೊಸದಕ್ಕಿಂತ ಮೇಲಾಗಿಸಿದ ಈ ಛಲ ನಮಗೆ ಬಹಳ ಮೆಚ್ಚುಗೆಯಾಯಿತು.

ಅಪಘಾತಕ್ಕೀಡಾದ ಬೇರೊಂದು ಜೀಪಿನಿಂದ ಪ್ಯೂಜೋ ವಿನ್ಯಾಸದ 2,112 ಸಿ.ಸಿ. ಡೀಸೆಲ್ ಎಂಜಿನ್ ಬಂತು. ಅದನ್ನು ಕೂರಿಸಲು ಚಾಸಿಗೆ ಹೊಸ ಆಧಾರಗಳನ್ನು ಬೆಸೆಯಬೇಕಾಯಿತು. ಗೇರ್‌ಬಾಕ್ಸಿಗೂ ಎಂಜಿನಿಗೂ ನಡುವೆ ಲೇತಿನಲ್ಲಿ ಕಡೆಸಿದ ಉಕ್ಕಿನ ಬಿಲ್ಲೆ ಬೇಕಾಯಿತು. ₹62,000 ಖರ್ಚಾಯಿತು. ಆದರೆ ಜೀಪು ಆನೆಯಂತೆ ಎಳೆಯಿತು. ಬಿರುಕು ಬಿಟ್ಟ ಬ್ಲಾಕನ್ನು ಗುಜರಿಗೆ ಹಾಕಲು ಹೊರಟಾಗ ಅತ್ತಿಗೆಯವರು ತಡೆದು, “ಅದು ಇಲ್ಲಿರಲಿ, ಮಳೆಗಾಲದಲ್ಲಿ ಸೌದೆ ನೆಲಕ್ಕೆ ತಾಗದ ಹಾಗೆ ಇಡಲು ಆಗುತ್ತದೆ” ಎಂದರು. ಅದು ಬಚ್ಚಲುಕೊಟ್ಟಿಗೆ ಸೇರಿತು. ನೋಂದಣಿ ಪತ್ರದಲ್ಲಿದ್ದ ಎಂಜಿನ್ ಸಂಖ್ಯೆ ಆ ಬ್ಲಾಕಿನ ಮೇಲೆ ಕೊರೆದ ಸಂಖ್ಯೆಯೆಂಬುದು ನಮಗೆ ಗೊತ್ತಿತ್ತು. ಬದಲಾವಣೆಗೆ ಅನುಮತಿ ಪಡೆಯಬೇಕೆಂಬುದನ್ನೂ ಕೇಳಿ ಬಲ್ಲೆವು. ‘ಆಮೇಲೆ ನೋಡೋಣ’ ಎಂದೆವು. ಆ ‘ಆಮೇಲೆ’ ಸುಮಾರು ನಾಲ್ಕು ವರ್ಷ ಬರಲಿಲ್ಲ.

2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪೊಂದರ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದೆವು. ಕೇರಳದಿಂದಲೇ ಹೋಗಿದ್ದ ಮೊಕದ್ದಮೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಪ್ರಕರಣದಂತೆ, ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ನ್ಯಾಯಾಲಯ ಹೇಳಿತ್ತು. ಓದುತ್ತಿದ್ದಂತೆ ನಮ್ಮ ಕಣ್ಣೆದುರು ಬಂದದ್ದು ಕಾನೂನಲ್ಲ, ಮಕ್ಕಳು. ಆ ಮೂರು ವರ್ಷಗಳಲ್ಲಿ ಶಾಲಾ ಕಲೋತ್ಸವಕ್ಕೆ ನಮ್ಮ ಶಾಲೆಯ ಮಕ್ಕಳನ್ನು ಅದೇ ಜೀಪಿನಲ್ಲಿ ಕರೆದೊಯ್ದಿದ್ದೆವು. ವೇಷ ಕಟ್ಟಿದ ಪುಟ್ಟ ಮಕ್ಕಳು ಹಿಂದೆ ಕುಳಿತು ಹಾಡುತ್ತ ಬರುತ್ತಿದ್ದರು. ಯಾವ ಪರಿಣತರೂ ಪರಿಶೀಲಿಸದ ನಮ್ಮ ಬೆಸುಗೆಯ ಮೇಲೆ ಅವರ ಜೀವವಿತ್ತು. ಏನಾದರೂ ಆಗಿದ್ದರೆ ವಿಮೆಯವರ ಪ್ರಶ್ನೆಗೂ ತಾಯಂದಿರ ಪ್ರಶ್ನೆಗೂ ನಮ್ಮಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಮಕ್ಕಳನ್ನು ಅದರಲ್ಲಿ ಹತ್ತಿಸಲಿಲ್ಲ.

ಆ ವರ್ಷವೇ ಅಣ್ಣನವರ ಮೊಣಕಾಲು ನೋವು ಹೆಚ್ಚಿ ಕ್ಲಚ್ಚು ಮೆಟ್ಟುವುದು ಅಸಾಧ್ಯವಾಯಿತು. ಜೀಪನ್ನು ಮಾರುವುದೆಂದು ನಿಶ್ಚಯವಾಯಿತು. ದೀಪಾವಳಿಯ ಹೊತ್ತಿಗೆ ಪುತ್ತೂರಿನ ಕಡೆಯ ಯುವಕರೊಬ್ಬರು ಬಂದು ನೋಡಿ, ಗುಡ್ಡ ಹತ್ತಿಸಿ, ₹2,60,000 ಕೊಡುತ್ತೇನೆಂದರು. ಎಂಜಿನಿನ ವಿಷಯ ತಿಳಿಸಿದಾಗ ಅವರು ನಕ್ಕು, “ಅದನ್ನು ನೀವು ಹೇಳುವುದೇ ಬೇಡ ಮಾಷ್ಟ್ರೇ. ಕಾಗದದಲ್ಲಿ ಹೇಗಿದೆಯೋ ಹಾಗೆಯೇ ಕೊಡಿ. ಆಚೆ ಕಡೆ ನಾನು ನೋಡಿಕೊಳ್ಳುತ್ತೇನೆ” ಎಂದರು. ಎರಡು ದಿನ ಕೊಡಿ ಎಂದೆವು.

ಮರುದಿನ ಶಾಲೆಯಲ್ಲಿ ಹಳೆಯ ದಾಖಲಾತಿ ಪುಸ್ತಕವನ್ನು ತೆರೆಯಬೇಕಾಗಿ ಬಂತು. ನಮ್ಮ ಮಕ್ಕಳು ಅನೇಕರು ಮುಂದಿನ ಓದಿಗೆ ಪುತ್ತೂರು, ವಿಟ್ಲಗಳಿಗೆ ಹೋಗುವವರು. ಗಡಿ ದಾಟುವ ಪ್ರತಿಯೊಂದು ಮಗುವಿನ ಕೈಗೂ ವರ್ಗಾವಣೆ ಪತ್ರ ಬರೆದುಕೊಡುವುದು ನಮ್ಮ ಕೆಲಸ. ‘ಹುಟ್ಟಿದ ದಿನಾಂಕವನ್ನು ಮೂರು ತಿಂಗಳು ಹಿಂದೆ ಮುಂದೆ ಮಾಡಿಕೊಡಿ, ಯಾರಿಗೇನು ನಷ್ಟ?’ ಎಂದು ಬೇಡಿದ ಹೆತ್ತವರಿಗೆ ಎಷ್ಟೋ ಬಾರಿ ಇಲ್ಲವೆಂದಿದ್ದೇವೆ. ಕೆಲವರು ಮುನಿಸಿಕೊಂಡದ್ದೂ ಉಂಟು. ರಿಜಿಸ್ಟರಿನಲ್ಲಿ ಒಂದು, ಮಗುವಿನಲ್ಲಿ ಇನ್ನೊಂದು ಆಗಬಾರದೆಂದು ಹೇಳುವ ಕೈಯೇ, ಕಾಗದದಲ್ಲಿ ಒಂದು ಸಂಖ್ಯೆ, ಕಬ್ಬಿಣದಲ್ಲಿ ಇನ್ನೊಂದು ಸಂಖ್ಯೆ ಇರುವ ಜೀಪಿಗೆ ಸಹಿ ಹಾಕುವುದು ಹೇಗೆ?

ಮನೆಗೆ ಬಂದು ಅಣ್ಣನವರಿಗೆ ಹೇಳಿದೆವು. “ಓಡುತ್ತದಲ್ಲ ತಮ್ಮಾ, ಕೊಳ್ಳುವವನಿಗೂ ಗೊತ್ತು. ಮತ್ತೇನು ಬೇಕು?” ಎಂದರು. ಮಾತು ಬೆಳೆಯಿತು. ತಂದೆಯವರ ಕಾಲದಿಂದ ನಮ್ಮ ನಡುವೆ ಆಡದಿದ್ದ ಮಾತುಗಳೂ ಬಂದವು. ಮೂರು ದಿನ ಒಂದೇ ಚಾವಡಿಯಲ್ಲಿ ಮಾತಿಲ್ಲದೆ ಉಂಡೆವು. ನಾಲ್ಕನೆಯ ದಿನ ಅತ್ತಿಗೆಯವರು ಯಾರಿಗೂ ಹೇಳದೆ ಕೆಲಸದಾಳನ್ನು ಕರೆದು ಸೌದೆಯನ್ನೆಲ್ಲ ಸರಿಸಿಸಿ, ಆ ಬ್ಲಾಕನ್ನು ಅಂಗಳಕ್ಕೆ ಉರುಳಿಸಿಸಿದರು. ಅಣ್ಣನವರು ಬಹಳ ಹೊತ್ತು ಅದನ್ನೇ ನೋಡಿ, ಗೋಣಿಯಿಂದ ಬೂದಿಯನ್ನು ಒರೆಸಿ, ಮುಂಭಾಗದಲ್ಲಿ ನೀರಿನ ಪಂಪಿನ ಹತ್ತಿರ ಕೊರೆದಿದ್ದ ಸಂಖ್ಯೆಯನ್ನು ಗಟ್ಟಿಯಾಗಿ ಓದಿದರು. ನಾವು ನೋಂದಣಿ ಪತ್ರವನ್ನು ಹಿಡಿದು ಒಂದೊಂದೇ ಅಂಕಿಗೆ ಹೂಂಗುಟ್ಟಿದೆವು. ಎಲ್ಲವೂ ಸರಿಯಿತ್ತು.

ಎರಕದ ಕಬ್ಬಿಣದ ಬಿರುಕಿಗೆ ಸಾಮಾನ್ಯ ಬೆಸುಗೆ ನಂಬಿಕಸ್ತವಲ್ಲ. ಒಂದೇ ಕಡೆ ಕಾಯಿಸಿದರೆ ಪಕ್ಕದಲ್ಲಿ ಹೊಸ ಬಿರುಕು ಮೂಡುತ್ತದೆ. ಬೆಂಕಿಯಿಲ್ಲದೆ ‘ಹೊಲಿಯುವ’ ಕ್ರಮವೊಂದಿದೆ. ಬಿರುಕಿನ ಉದ್ದಕ್ಕೂ ರಂಧ್ರ ಕೊರೆದು, ಒಂದರ ಅಂಚನ್ನು ಇನ್ನೊಂದು ಕಚ್ಚುವಂತೆ ಮರೆಯುಳ್ಳ ಲೋಹದ ಮೊಳೆಗಳನ್ನು ತಿರುಗಿಸಿ ಕೂರಿಸುತ್ತಾರೆ. ಅಡ್ಡಲಾಗಿ ಲೋಹದ ಕೊಂಡಿಗಳನ್ನು ಬಡಿದು ಬಿಗಿಯುತ್ತಾರೆ. ಮಂಗಳೂರಿನ ವರ್ಕ್‌ಶಾಪೊಂದರಲ್ಲಿ ಹಿರಿಯ ಕೆಲಸಗಾರರೊಬ್ಬರು ಅದನ್ನು ಮಾಡಿಕೊಟ್ಟರು. ನಾವು ಡೀಸೆಲ್ ಎಂಜಿನನ್ನು ಇಳಿಸಿದೆವು, ಬೆಸೆದಿದ್ದ ಆಧಾರಗಳನ್ನು ಉಜ್ಜಿ ತೆಗೆದೆವು, ಹಳೆಯ ನೋಟುಪುಸ್ತಕದ ಚಿತ್ರಗಳನ್ನು ನೋಡಿ ಎಲ್ಲವನ್ನೂ ಮೊದಲಿನಂತೆ ಕೂಡಿಸಿದೆವು. ಖರ್ಚು ₹44,000. 2020ರ ಜನವರಿಯಲ್ಲಿ ಪರಿಶೀಲನೆ ನಡೆದು ನೋಂದಣಿ ಮತ್ತೆ ನವೀಕರಣವಾಯಿತು.

ಪುತ್ತೂರಿನ ಯುವಕರಿಗೆ ಮತ್ತೆ ಹೇಳಿಕಳುಹಿಸಿದೆವು. ಪೆಟ್ರೋಲು ಎಂಜಿನೆಂದು ಮೊದಲು ಮುಖ ಸಣ್ಣಗಾಯಿತು. ನಾವು ಬರೆದಿಟ್ಟಿದ್ದ ದೋಷಗಳ ಪಟ್ಟಿಯನ್ನು ಅವರ ಕೈಗಿತ್ತೆವು. ಬ್ಲಾಕಿನ ಹೊಲಿಗೆ, ಎಡಗಡೆಯ ತೇಪೆ, ಎರಡನೆಯ ಗೇರಿನ ಗುನುಗು, ಮಳೆಯಲ್ಲಿ ಸೋರುವ ಮೂಲೆ, ಹೀಗೆ ಹನ್ನೊಂದು ಅಂಶಗಳು. ಅವರು ಓದಿ ಮುಗಿಸಿ, “ಜೀಪು ಮಾರುವವರು ಇಂಥದ್ದನ್ನು ಬರೆದುಕೊಟ್ಟದ್ದು ನಾನು ನೋಡಿಲ್ಲ” ಎಂದರು. ₹2,25,000ಕ್ಕೆ ಮಾತು ಮುಗಿಯಿತು. ಬೇರೆ ರಾಜ್ಯಕ್ಕೆ ಹೋಗುವ ವಾಹನವಾದುದರಿಂದ ನಮ್ಮ ಕಡೆಯ ಸಾರಿಗೆ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಪಡೆಯಬೇಕಿತ್ತು. ಅದೂ ಒಂದು ಬಗೆಯ ವರ್ಗಾವಣೆ ಪತ್ರವೇ. ಫೆಬ್ರವರಿಯಲ್ಲಿ ಅದು ಕೈಸೇರಿದ ಮೇಲೆ ಅಡ್ಕಸ್ಥಳದವರೆಗೆ ನಾವೇ ಜೊತೆಗೆ ಹೋಗಿ, ಗಡಿಯ ಈಚೆ ಇಳಿದುಕೊಂಡೆವು. ಅಣ್ಣನವರು ಬರಲಿಲ್ಲ. ಮಾರ್ಚಿನಲ್ಲಿ ಕೊರೋನದ ನೆಪದಲ್ಲಿ ನಮ್ಮ ಗಡಿರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಆಚೆಯಿಂದ ಮೊದಲು ಕ್ಷೇಮ ವಿಚಾರಿಸಿದ ದೂರವಾಣಿ ಕರೆ ಆ ಯುವಕರದ್ದು. ಅಣ್ಣನವರೊಡನೆ ಕಾರ್ಬುರೇಟರಿನ ವಿಷಯವಾಗಿಯೇ ಅರ್ಧ ಗಂಟೆ ಮಾತನಾಡಿದರು.

ಇನ್ನು ಲೆಕ್ಕ. ಕೊಂಡದ್ದು ₹22,000. ಮೊದಲು ಕಟ್ಟಿದ್ದಕ್ಕೆ ₹1,18,200. ಡೀಸೆಲಿಗೆ ₹62,000. ಮರಳಿ ಪೆಟ್ರೋಲಿಗೆ ₹44,000. ಒಟ್ಟು ₹2,46,200. ಜೀಪಿನಿಂದ ಬಂದದ್ದು ₹2,25,000. ಡೀಸೆಲ್ ಎಂಜಿನನ್ನು ತೋಟಕ್ಕೆ ನೀರೆತ್ತಲು ಕೃಷಿಕರೊಬ್ಬರು ₹30,000ಕ್ಕೆ ಒಯ್ದರು. ಒಟ್ಟು ₹2,55,000. ಎಂಟು ವರ್ಷಗಳ ರಜೆಯ ದುಡಿಮೆಗೆ ಲಾಭ ₹8,800, ಅಂದರೆ ವರ್ಷಕ್ಕೆ ₹1,100. ಏಳನೆಯ ತರಗತಿಯ ಮಕ್ಕಳಿಗೆ ಈ ಲೆಕ್ಕವನ್ನು ಕೊಟ್ಟಾಗ ಒಬ್ಬ ಹುಡುಗಿ, “ನಿಮ್ಮಿಬ್ಬರ ಕೂಲಿ ಸೇರಿಸಿದರೆ ನಷ್ಟವಲ್ಲವೇ ಮಾಷ್ಟ್ರೇ?” ಎಂದಳು. ಉತ್ತರ ಸರಿಯೆಂದು ಪೂರ್ಣ ಅಂಕ ಕೊಟ್ಟೆವು.

ಅಮೆರಿಕದ ಆ ಹುಡುಗರ ಛಲವನ್ನು ನಾವು ಇಂದಿಗೂ ಮೆಚ್ಚುತ್ತೇವೆ. ಆದರೆ ಅವರು ವೇಗ ಪರೀಕ್ಷಿಸಲು ಜನವಿಲ್ಲದ ಬಯಲಿಗೆ ಹೋದರು. ನಾವು ನಮ್ಮ ಪ್ರಯೋಗವನ್ನು ಮಕ್ಕಳನ್ನು ಕೂರಿಸಿಕೊಂಡು ಊರ ರಸ್ತೆಯಲ್ಲಿ ನಡೆಸಿದೆವು. ನಮ್ಮ ದೇಶದಲ್ಲಂತೂ ಹಳೆಯ ವಾಹನದ ಬೆಲೆ ಮೂಲರೂಪದಲ್ಲಿದೆ. 2021ರ ಕೇಂದ್ರ ನಿಯಮಗಳಂತೆ, ಐವತ್ತು ವರ್ಷ ಮೀರಿದ ವಾಹನಕ್ಕೆ ‘ವಿಂಟೇಜ್’ ನೋಂದಣಿ ಬೇಕಾದರೆ ಅದರ ಚಾಸಿ, ಒಡಲು, ಎಂಜಿನುಗಳು ಮಾರ್ಪಾಡಾಗದೆ ಉಳಿದಿರಬೇಕು.

ನಮ್ಮ ಗಡಿನಾಡಿನ ಎಷ್ಟೋ ಮನೆಗಳ ಕೊಟ್ಟಿಗೆಗಳಲ್ಲಿ ಇಂತಹ ಜೀಪುಗಳು ಇನ್ನೂ ನಿಂತಿವೆ. ಕಟ್ಟುವ ಆಸೆಯುಳ್ಳವರಲ್ಲಿ ನಮ್ಮದೊಂದು ವಿನಂತಿ. ಸ್ಪ್ಯಾನರು ಹಿಡಿಯುವ ಮೊದಲು ನೋಂದಣಿ ಪತ್ರವನ್ನು ಹಿಡಿದು ಸಂಖ್ಯೆಗಳನ್ನು ಹೋಲಿಸಿ ನೋಡಿರಿ. ಏನನ್ನಾದರೂ ಬದಲಿಸಬೇಕಿದ್ದರೆ ಮೊದಲು ಸಾರಿಗೆ ಕಚೇರಿಯಲ್ಲಿ ಕೇಳಿರಿ. ಕಾದ ಎಂಜಿನಿಗೆ ತಣ್ಣೀರು ಸುರಿಯಬೇಡಿರಿ. ಕೊನೆಯದಾಗಿ, ಹಳೆಯ ಬ್ಲಾಕನ್ನು ಗುಜರಿಗೆ ಹಾಕಬೇಡಿರಿ. ಸೌದೆ ಒಟ್ಟಲಾದರೂ ಮನೆಯಲ್ಲಿರಲಿ.