ಗುಬ್ಬಿಯ ದಾರಿಯಲ್ಲಿ ಒಂದು ಗಾಲಿಮನೆ

ಬೆಂಗಳೂರಿನಿಂದ ತುಮಕೂರಿಗೆ ಬರುವವರಲ್ಲಿ ಹಲವರು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆಂದು ಇಳಿಯುತ್ತಾರೆ. ಕೆಲವರು ಸಿದ್ಧಗಂಗೆಯ ಬೆಟ್ಟದ ಕಡೆಗೆ ತಿರುಗುತ್ತಾರೆ. ಉಳಿದವರು ಬಿ.ಎಚ್. ರಸ್ತೆಯನ್ನೇ ಹಿಡಿದು ಮುಂದುವರಿಯುತ್ತಾರೆ. ಬೆಂಗಳೂರು–ಹೊನ್ನಾವರ ರಸ್ತೆಯೆಂಬ ಹಳೆಯ ಹೆಸರನ್ನು ಎರಡೇ ಅಕ್ಷರಗಳಲ್ಲಿ ಹೊತ್ತಿರುವ ಈ ದಾರಿ ಬಟವಾಡಿಯನ್ನು ಸೇರುವ ವೇಳೆಗೆ ಬದಿಯ ಓಣಿಗಳಿಂದ ಬಣ್ಣದ ವಾಸನೆಯೂ ಸುತ್ತಿಗೆಯ ಸದ್ದೂ ಬರಲಾರಂಭಿಸುತ್ತವೆ. ಅಂಥದೊಂದು ಓಣಿಯ ಶೆಡ್ಡಿನ ಮುಂದೆ ಕಳೆದ ಬೇಸಗೆಯಲ್ಲಿ ಎತ್ತರವಾದ ಒಂದು ಬಿಳಿಯ ವ್ಯಾನು ಬಂದು ನಿಂತಿತು. ಅದರೊಳಗೆ ಎರಡು ಮಂಚ, ಒಂದು ಒಲೆ, ಒಂದು ಸಿಂಕು, ಒಂದು ಪುಟ್ಟ ಶೌಚಗೃಹ. ಹಳದಿ ಫಲಕದ ಮೇಲೆ ಕಪ್ಪು ಅಕ್ಷರ. ಐದು ವರ್ಷ ಬಾಡಿಗೆಗೆ ಓಡಿ, ಊರೂರಿನ ಪ್ರವಾಸಿಗರನ್ನು ಹೊತ್ತು, ಈಗ ಮಾರಾಟಕ್ಕೆ ಬಂದ ಗಾಲಿಮನೆ ಅದು.

ಕೊಳ್ಳಬಂದವರು ಪ್ರೌಢಶಾಲೆಯಿಂದ ನಿವೃತ್ತರಾದ ಮೇಷ್ಟ್ರು. ಅವರಿಗೆ ದೇಶ ಸುತ್ತುವ ಹುಚ್ಚಿರಲಿಲ್ಲ. ಅವರ ಚಿಂತೆಯೆಲ್ಲ ತಾಯಿಯದು. ಎಂಬತ್ತು ದಾಟಿದ ಆ ಅಜ್ಜಿಯ ತವರು ಗುಬ್ಬಿ. ತುಮಕೂರಿನಿಂದ ಗುಬ್ಬಿಗೆ ಇಪ್ಪತ್ತು ಕಿಲೋಮೀಟರು ಮಾತ್ರ. ಆದರೂ ಅಜ್ಜಿ ಅಲ್ಲಿಗೆ ಹೋಗಿ ಒಂಬತ್ತು ವರ್ಷವಾಗಿತ್ತು. ಮೊಣಕಾಲು ಬಾಗದು, ಬಸ್ಸಿನ ಮೆಟ್ಟಿಲು ಹತ್ತಲಾಗದು, ಕಾರಿನಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಕೂರಲಾಗದು. ಎಲ್ಲಕ್ಕಿಂತ ಮಿಗಿಲಾಗಿ, ದಾರಿಯಲ್ಲಿ ಶೌಚದ ಸಂಕಟ. ಹೊರಡುವ ಹಿಂದಿನ ದಿನದಿಂದಲೇ ನೀರು ಕುಡಿಯುವುದನ್ನು ಬಿಡುವ ಹೆಂಗಸರು ನಮ್ಮಲ್ಲಿ ಎಷ್ಟು ಮಂದಿಯಿದ್ದಾರೆಂಬುದು ಗಂಡಸರು ಬರೆದ ಪ್ರವಾಸಕಥನಗಳಲ್ಲಿ ಕಾಣಸಿಗುವುದಿಲ್ಲ. ಎಡೆಯೂರಿನ ಸಿದ್ಧಲಿಂಗೇಶ್ವರನ ಗದ್ದುಗೆಗೆ ಹೊತ್ತ ಹರಕೆಯೊಂದನ್ನೂ ಅಜ್ಜಿ ತೀರಿಸಬೇಕಾಗಿತ್ತು.

“ಈ ದುಡ್ಡಿನಲ್ಲಿ ಜೀವಮಾನವೆಲ್ಲ ಕಾರು ಬಾಡಿಗೆಗೆ ಹಿಡಿಯಬಹುದಿತ್ತಲ್ರೀ” ಎಂದರು ಮೇಷ್ಟ್ರ ಮಡದಿ. ನಿವೃತ್ತಿಯ ಕಾಲಕ್ಕೆ ಬಂದ ಹಣದಲ್ಲಿ ಒಂದು ದೊಡ್ಡ ಪಾಲು ಇದಕ್ಕೆ ಹೋಗುವುದಿತ್ತು. ಅವರ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ. ಮೇಷ್ಟ್ರು ಉತ್ತರ ಕೊಡಲಿಲ್ಲ. ಸರಕು ಸಾಗಿಸುವ ಹಳೆಯ ವ್ಯಾನೊಂದನ್ನು ಅಗ್ಗಕ್ಕೆ ಕೊಂಡು ಒಳಗೆ ತಾವೇ ಮಂಚ ಕಟ್ಟಿಸಿದರಾಯಿತೆಂಬುದು ಅವರ ಮೊದಲ ಯೋಚನೆಯಾಗಿತ್ತು. ಆದರೆ ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ಅಡ್ಡ ಬಂದಿತು. ತಯಾರಕನು ಮೂಲದಲ್ಲಿ ನಿರ್ದೇಶಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸಕೂಡದು. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಒತ್ತಿ ಹೇಳಿತು. ವಾಸದ ವಾಹನಗಳಿಗೆ ಎ.ಐ.ಎಸ್. ೧೨೪ ಎಂಬ ಪ್ರತ್ಯೇಕ ಮಾನಕವಿದೆ. ಆ ಮಾನಕದಂತೆ ಕಟ್ಟಲ್ಪಟ್ಟು, ನೋಂದಣಿ ಪತ್ರದಲ್ಲಿಯೇ ಹಾಗೆಂದು ನಮೂದಾಗಿರುವ ಹಳೆಯ ಬಾಡಿಗೆ ವಾಹನವನ್ನು ಕೊಳ್ಳುವುದೇ ಜಾಣತನವೆಂದು ಅವರು ತೀರ್ಮಾನಿಸಿದರು. ಒಟ್ಟು ತೂಕ ೭,೫೦೦ ಕಿಲೋಗ್ರಾಮಿನೊಳಗೆ ಇದ್ದುದರಿಂದ ಅವರ ಕಾರಿನ ಲೈಸೆನ್ಸೇ ಸಾಲುತ್ತಿತ್ತು.

ಬಾಡಿಗೆಗೆ ದುಡಿದ ವಾಹನ ಮೇಲ್ನೋಟಕ್ಕೆ ಯಾವಾಗಲೂ ಲಕ್ಷಣವಾಗಿಯೇ ಇರುತ್ತದೆ. ಗಿರಾಕಿ ನೋಡುವುದು ದಿಂಬಿನ ಹೊದಿಕೆಯನ್ನು; ಮಾಲೀಕ ಬದಲಾಯಿಸುವುದೂ ಅದನ್ನೇ. ಶೆಡ್ಡಿನ ಮೇಸ್ತ್ರಿ ದಿಂಬಿನತ್ತ ತಿರುಗಿಯೂ ನೋಡಲಿಲ್ಲ. ಟೈರಿನ ಬದಿಯಲ್ಲಿ ಅಚ್ಚಾದ ನಾಲ್ಕು ಅಂಕೆಗಳನ್ನು ಓದಿದ. ಮೊದಲೆರಡು ವಾರ, ಕೊನೆಯೆರಡು ವರ್ಷ. ಗೀರು ಸವೆಯದಿದ್ದರೂ ರಬ್ಬರಿಗೆ ವಯಸ್ಸಾಗಿತ್ತು. ಆಮೇಲೆ ಒಳಗೆ ಹೋಗಿ, ಅಡುಗೆಕಟ್ಟೆಯ ಕಿಟಕಿಯ ಕೆಳಗಿನ ಪ್ಲೈವುಡ್ಡಿನ ಮೇಲೆ ಹೆಬ್ಬೆರಳನ್ನೊತ್ತಿದ. ಬೆರಳು ಒಳಕ್ಕೆ ಹೋಯಿತು.

“ನೋಡಿ ಸಾರ್, ಮಾಡು ಸೋರಿದೆ. ನೀರು ಇಲ್ಲಿ ಬಿದ್ದಿಲ್ಲ. ಮೇಲಿನ ಜೋಡಣೇಲಿ ಇಳಿದು, ಒಳಗೊಳಗೇ ಹರಿದು ಇಲ್ಲಿಗೆ ಬಂದಿದೆ.”

ಒಂದು ಹನಿಯೂ ಸೋರಿಲ್ಲವೆಂದು ಆಣೆಯಿಟ್ಟಿದ್ದ ಮಾರಾಟಗಾರ ಆ ಹೆಬ್ಬೆರಳಿನ ಗುರುತನ್ನು ಕಂಡು ಬೆಲೆಯನ್ನು ಇಳಿಸಿದ. ಆದರೆ ಮೇಷ್ಟ್ರು ಹಣ ಕೊಡುವ ಮುನ್ನ ಕಾಗದಗಳಿಗಾಗಿ ಪಟ್ಟು ಹಿಡಿದರು. ಬಾಡಿಗೆಯ ಪರ್ಮಿಟ್ಟನ್ನು ಒಪ್ಪಿಸಬೇಕು. ಬಾಕಿ ತೆರಿಗೆ ತೀರಿರಬೇಕು. ಸಾಲ ಕೊಟ್ಟವರಿಂದ ಋಣಮುಕ್ತಿಯ ಪತ್ರ ಬರಬೇಕು. ೨೯ ಮತ್ತು ೩೦ನೆಯ ನಮೂನೆಗಳಿಗೆ ಸಹಿಯಾಗಬೇಕು. ಬಾಡಿಗೆಯ ವಿಮೆ ಸ್ವಂತದ ಬಳಕೆಗೆ ಒದಗದು; ಅದನ್ನೂ ಹೊಸದಾಗಿ ಮಾಡಿಸಬೇಕು. ಈ ಓಡಾಟಕ್ಕೆ ಎರಡು ತಿಂಗಳು ಹಿಡಿಯಿತು. ಹಳದಿ ಫಲಕ ಇಳಿದು ಬಿಳಿಯ ಫಲಕದ ಮೇಲೆ ಕೆಎ ೦೬ ಬಂದ ದಿನ ಮಡದಿಯವರು ಮೌನವಾಗಿ ಅದಕ್ಕೆ ಕುಂಕುಮ ಹಚ್ಚಿದರು. ಅದು ಒಪ್ಪಿಗೆಯೇ ಎಂದು ಕೇಳುವ ಧೈರ್ಯವನ್ನು ಮೇಷ್ಟ್ರು ಮಾಡಲಿಲ್ಲ.

ದುರಸ್ತಿ ಮಾಡಿನಿಂದ ಆರಂಭವಾಯಿತು. ಹಳೆಯ ಅಂಟಿನ ಮೇಲೆ ಹೊಸ ಅಂಟು ಬಳಿಯುವುದು ಗಾಯವನ್ನು ತೊಳೆಯದೆ ಪಟ್ಟಿ ಕಟ್ಟಿದಂತೆ. ಮೇಸ್ತ್ರಿ ಅದನ್ನೆಲ್ಲ ಹೆರೆದು ತೆಗೆದು, ಕೊಳೆತ ಹಲಗೆಯನ್ನು ಕತ್ತರಿಸಿ, ತುಕ್ಕು ಉಜ್ಜಿ ಬಣ್ಣ ಹಚ್ಚಿದ ಮೇಲೆಯೇ ಜೋಡಣೆಗಳನ್ನು ಮುಚ್ಚಿದ. ಗ್ಯಾಸಿನ ಕೊಳವೆ ಬಿರುಕು ಬಿಟ್ಟಿತ್ತು. ಅಡುಗೆ ಅನಿಲ ಗಾಳಿಗಿಂತ ಭಾರವಾದದ್ದು. ಸೋರಿದರೆ ನೆಲದ ಮೇಲೆ ನಿಲ್ಲುತ್ತದೆ. ಆದಕಾರಣ ಸಿಲಿಂಡರಿನ ಗೂಡಿಗೆ ತಳದಲ್ಲಿಯೇ ಹೊರಗಿಂಡಿ ಇರಬೇಕು. ಹಿಂದಿನವರು ಅದನ್ನು, ಧೂಳು ಬರುತ್ತದೆಂದೋ ಏನೋ, ಬಟ್ಟೆ ತುರುಕಿ ಮುಚ್ಚಿದ್ದರು!

ಒಳಬಳಕೆಯ ಸೀಸದ ಬ್ಯಾಟರಿಯ ವಿಷಯದಲ್ಲಿ ಮೇಷ್ಟ್ರು ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿದರು. ೧೦೦ ಆಂಪಿಯರ್–ಗಂಟೆಯದೆಂದು ಬರೆದಿದ್ದರೂ, ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಹೆಚ್ಚು ಬಳಸುವಂತಿಲ್ಲ. ಎಂದರೆ ೬೦೦ ವಾಟ್–ಗಂಟೆ. ಅಷ್ಟೇ ಅಳತೆಯ ಲಿಥಿಯಂ ಕಬ್ಬಿಣ ಫಾಸ್ಫೇಟಿನ ಬ್ಯಾಟರಿ ಸಾವಿರದಷ್ಟನ್ನು ನಿರಾಯಾಸವಾಗಿ ಕೊಡುತ್ತದೆ. ತೂಕವೂ ಅರ್ಧಕ್ಕಿಂತ ಕಡಿಮೆ. ಫ್ಯಾನು, ದೀಪ, ಅಜ್ಜಿಯ ಔಷಧಿಯಿಡುವ ಪುಟ್ಟ ಫ್ರಿಜ್ಜು, ಇಷ್ಟಕ್ಕೆ ದಿನಕ್ಕೆ ಸುಮಾರು ೭೦೦ ಬೇಕಾಗುತ್ತಿತ್ತು. ಮಾಡಿನ ಮೇಲೆ ೨೦೦ ವಾಟಿನ ಎರಡು ಸೌರಫಲಕಗಳು ಏರಿದವು. ಹವಾನಿಯಂತ್ರಣ ಬೇಡವೆಂದು ಬಿಟ್ಟರು.

ಆದರೆ ಹಣಕ್ಕಿಂತ ಹೆಚ್ಚು ಯೋಚನೆಯನ್ನು ಬೇಡಿದ್ದು ಒಂದು ಮೆಟ್ಟಿಲು. ಅಜ್ಜಿ ಕಾಲನ್ನು ಎಷ್ಟು ಎತ್ತಬಲ್ಲರೆಂಬುದನ್ನು ಮಡದಿಯವರು ಮನೆಯ ಹೊಸಿಲಿನ ಬಳಿ ಇಟ್ಟಿಗೆಗಳನ್ನಿಟ್ಟು ಅಳೆದರು: ಐದು ಅಂಗುಲ, ಅದಕ್ಕಿಂತ ಹೆಚ್ಚಿಲ್ಲ. ಆ ಅಳತೆಗೆ ಮಡಚುವ ಮೂರು ಮೆಟ್ಟಿಲುಗಳಾದವು. ಬಾಗಿಲಿಗೂ ಶೌಚಗೃಹಕ್ಕೂ ಹಿಡಿಕೆಗಳು ಬಂದವು; ಕೂರುವ ಪೀಠವನ್ನು ಎತ್ತರಿಸಿದರು. “ಅತ್ತೆಗೆ ಬಲಗೈ ಊರೋದು ಅಭ್ಯಾಸ. ಹಿಡಿಕೆ ಈ ಕಡೆ ಹಾಕಪ್ಪ” ಎಂದು ಅವರು ಮೇಸ್ತ್ರಿಗೆ ಹೇಳಿದ ದಿನ, ಮೇಷ್ಟ್ರ ಎದೆಯ ಮೇಲಿನ ಭಾರ ಸ್ವಲ್ಪ ಇಳಿಯಿತೆನ್ನಬಹುದು.

ಮೊದಲ ಪಯಣ ಗುಬ್ಬಿಗೆ. ಮಲ್ಲಸಂದ್ರವನ್ನು ದಾಟಿದ ಬಳಿಕ ಎರಡೂ ಕಡೆ ತೆಂಗು, ಅಡಕೆ. ಈಗ ಗುಬ್ಬಿ ತಾಲ್ಲೂಕೆಂದರೆ ೨೦೨೩ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆಯನ್ನು ನೆನೆಯುವವರುಂಟು. ಕನ್ನಡಿಗರ ಕಿವಿಗೆ ಮಾತ್ರ ಗುಬ್ಬಿಯೆಂದೊಡನೆ ಕೇಳಿಸುವುದು ನಾಟಕದ ಗಂಟೆ. ೧೮೮೪ರಲ್ಲಿ ಇಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ವೀರಣ್ಣನವರ ಕೈಯಲ್ಲಿ ಬೆಳೆದು ಕನ್ನಡ ನಾಡನ್ನೆಲ್ಲ ಸುತ್ತಿತು. ಅದೂ ಒಂದು ಸಂಚಾರಿ ಸಂಸಾರವೇ. ಪರದೆ, ಪೆಟ್ಟಿಗೆ, ಡೇರೆಗಳ ಜೊತೆಗೆ ಹೆಂಗಸರು, ಮಕ್ಕಳು, ಅಡುಗೆಯವರು. ‘ಕುರುಕ್ಷೇತ್ರ’ ನಾಟಕಕ್ಕೆ ರಂಗದ ಮೇಲೆ ಆನೆ, ಕುದುರೆ. ಮುಂದೆ ರಾಜಕುಮಾರರಾದ ಮುತ್ತುರಾಜ, ಬಿ.ವಿ. ಕಾರಂತ, ಜಿ.ವಿ. ಅಯ್ಯರ್ ಆ ಮನೆಯ ಅನ್ನವನ್ನು ಉಂಡವರು. ವೀರಣ್ಣನವರು ೧೯೭೨ರಲ್ಲಿ ತೀರಿಕೊಂಡರು. ಮಾಡು ಸೋರಿದರೆ, ಮಗುವಿಗೆ ಜ್ವರ ಬಂದರೆ, ಕುದುರೆಗೆ ಹುಲ್ಲು ಸಾಲದಿದ್ದರೆ ಅವರು ಏನು ಮಾಡುತ್ತಿದ್ದರೋ! ಒಂದು ವ್ಯಾನನ್ನು ಸಂಭಾಳಿಸುವವರಿಗೆ ಆ ಗೃಹಸ್ಥನ ಬಗೆಗೆ ಹೊಸ ಗೌರವವೇ ಮೂಡುತ್ತದೆ.

ಚನ್ನಬಸವೇಶ್ವರನ ಗುಡಿಯಿಂದ ತುಸು ದೂರದಲ್ಲಿ ವಾಹನ ನಿಂತಿತು. ಅಜ್ಜಿ ಮೂರು ಮೆಟ್ಟಿಲುಗಳನ್ನು ತಾವೇ ಇಳಿದರು. ಆ ಸಂಜೆ ತವರಿನ ಬೀದಿಯವರು ಒಬ್ಬೊಬ್ಬರಾಗಿ ಬಂದು ಮಂಚದ ಅಂಚಿನಲ್ಲಿ ಕುಳಿತರು, ಕಾಫಿಯಾಯಿತು. ಚಿಕ್ಕಂದಿನಲ್ಲಿ ಅಪ್ಪನ ಹೆಗಲೇರಿ ಕಂಡ ನಾಟಕದಲ್ಲಿ ನಿದ್ದೆ ಬಂದು ಕೊನೆಯ ಅಂಕ ತಪ್ಪಿಹೋದುದನ್ನು ಅಜ್ಜಿ ನಿನ್ನೆಯ ನಷ್ಟವೆಂಬಂತೆ ಹೇಳಿಕೊಂಡರು. ಒಂಬತ್ತು ವರ್ಷಗಳಲ್ಲಿ ಗತಿಸಿದವರ ಹೆಸರುಗಳನ್ನೂ ಆ ಸಂಜೆಯೇ ಕೇಳಬೇಕಾಯಿತು. ಅವರಲ್ಲಿ ಒಬ್ಬಾಕೆ ಬಾಲ್ಯದ ಗೆಳತಿ. ಹಿಂದಿನ ವರ್ಷವಷ್ಟೇ ತೀರಿಹೋಗಿದ್ದಳು. “ಹೋದ ವರ್ಷವೇ ಗಾಡಿ ತರಬಾರದಿತ್ತೇನೋ?” ಎಂದು ಅಜ್ಜಿ ಮಗನನ್ನು ಕೇಳಿದರು. ಮೇಷ್ಟ್ರು ಹೊರಗೆ ಹೋಗಿ ಟೈರುಗಳನ್ನು ನೋಡುತ್ತ ನಿಂತರು.

ಎರಡನೆಯ ವಾರ ಕುಣಿಗಲಿನ ರಸ್ತೆ. ತುಮಕೂರು ಬಿಟ್ಟೊಡನೆ ಗಣಪತಿಗೆ ಹೆಸರಾದ ಗೂಳೂರು, ಅದರ ಬಳಿಯೇ ಕೈದಾಳ. ಜಕಣಾಚಾರಿಗೆ ಕಡಿದುಹೋದ ಕೈ ಮರಳಿ ಬಂದ ಸ್ಥಳವೆಂದು ಐತಿಹ್ಯ ಹೇಳುವ ಚನ್ನಕೇಶವನ ಗುಡಿ ಅಲ್ಲಿದೆ. ಹೆಬ್ಬೂರು ಕಳೆದು ಕುಣಿಗಲು. ಹೈದರ್–ಟಿಪ್ಪುವಿನ ದಂಡಿಗೆ ಕುದುರೆಗಳನ್ನು ಒದಗಿಸಿದ ಅಶ್ವಶಾಲೆಯ ಊರು. ಜನಪದದ ಹಾಡಿನಲ್ಲಿ ಸಿಕ್ಕಿ ನಾಡಿಗೆಲ್ಲ ಪರಿಚಿತವಾದ ಕೆರೆಯ ಊರು. ಏರಿಯ ಮೇಲಿಂದ ನೀರನ್ನು ನೋಡಿದರೆ ಹಾಡು ಕಟ್ಟಿದವರ ಮೇಲೆ ಉತ್ಪ್ರೇಕ್ಷೆಯ ಆರೋಪ ಹೊರಿಸಲು ಮನಸ್ಸು ಬಾರದು. ಎಡೆಯೂರಿನ ಹರಕೆಯನ್ನು ತೀರಿಸಿ ಬಂದು, ಪರಿಚಿತರೊಬ್ಬರ ತೋಟದ ಅಂಗಳದಲ್ಲಿ ರಾತ್ರಿ ತಂಗಿದರು.

ಹತ್ತು ಗಂಟೆಗೆ ಮಳೆ ಹಿಡಿಯಿತು. ಗುಡುಗಿನೊಡನೆ ಎರಡು ಗಂಟೆ ಸುರಿಯಿತು. ಮೇಷ್ಟ್ರು ಟಾರ್ಚು ಹಿಡಿದು ಮಾಡಿನ ಜೋಡಣೆಗಳನ್ನು ಒಂದೊಂದಾಗಿ ನೋಡುತ್ತ ಎಚ್ಚರವಾಗಿಯೇ ಇದ್ದರು. ಹೆಂಚಿನ ಮನೆಯಲ್ಲಿ ಬಾಳಿದ ಅಜ್ಜಿ ಮಾತ್ರ ಮಲಗುವ ಮುನ್ನವೇ ಅಡುಗೆಕಟ್ಟೆಯ ಕಿಟಕಿಯ ಕೆಳಗೆ ಒಂದು ಲೋಟವನ್ನಿಟ್ಟು ನಿಶ್ಚಿಂತೆಯಿಂದ ನಿದ್ರಿಸಿದ್ದರು. ಬೆಳಗ್ಗೆ ನೋಡಿದಾಗ ಮಾಡು ಒಣಗಿತ್ತು. ಲೋಟದ ತಳದಲ್ಲಿ ಮಾತ್ರ ಒಂದು ಚಮಚದಷ್ಟು ನೀರು. ಅದು ಕಿಟಕಿಯ ರಬ್ಬರಿನಿಂದ ಇಳಿದದ್ದು. ಮಡದಿಯವರು ಅದನ್ನು ಹೊರಗೆ ಚೆಲ್ಲಿ, ಅದೇ ಲೋಟವನ್ನು ತೊಳೆದು ಅತ್ತೆಗೆ ಕಾಫಿ ಕೊಟ್ಟರು. ಸೋಮವಾರ ವಾಹನ ಮತ್ತೆ ಬಟವಾಡಿಯ ಶೆಡ್ಡಿನ ಮುಂದೆ ನಿಂತಿತ್ತು.