ತಬರನನ್ನು ನೋಡಿದ ರಾತ್ರಿ

ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’ಗೆ (1986) ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲ ಸಂದಿತು, ತಬರನಾದ ಚಾರುಹಾಸನ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿಯೂ ದೊರೆಯಿತು. ಆದರೂ ಚಿತ್ತವಾಡ್ಗಿಯ ನಮ್ಮ ಓಣಿಯಲ್ಲಿ ಅದರ ಹೆಸರೆತ್ತಿದವರನ್ನು ನಾವು ಕಾಣೆವು. ನಾವೂ ಅದನ್ನು ನೋಡಿದ್ದು ಬಹು ತಡವಾಗಿ, ಮನೆಯ ಟಿ.ವಿ.ಯಲ್ಲಿ.

ಕಥೆ ಪೂರ್ಣಚಂದ್ರ ತೇಜಸ್ವಿಯವರದು. ಸಕ್ಕರೆ ಕಾಯಿಲೆಯಿಂದ ಹೆಂಡತಿಯ ಕಾಲು ಕೊಳೆಯುತ್ತಿದೆ, ಚಿಕಿತ್ಸೆಗೆ ಹಣವಿಲ್ಲ. ನಿವೃತ್ತನಾದ ತಬರ ತನ್ನದೇ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಖಳನಾಯಕನೆಂಬವನಿಲ್ಲ, ಕದಲದ ಕಡತವೊಂದಿದೆ, ಅಷ್ಟೆ.

ನಮ್ಮ ತಂದೆಯವರ ಪಿಂಚಣಿಯ ಕಡತವೂ ಆಗ ಒಂದೆಡೆ ನಿಂತಿತ್ತು. ಅವರು ನೊಂದಾರೆಂದು ಟಿ.ವಿ. ಆರಿಸಹೋದೆವು. “ಇರ್ಲಿ ಬಿಡ್ರಿ, ಪೂರಾ ನೋಡೂಣು” ಎಂದರು.

ಅಲ್ಲಿಯವರೆಗೆ ಅವರೊಬ್ಬರನ್ನೇ ಕಚೇರಿಗೆ ಕಳುಹಿಸುತ್ತಿದ್ದೆವು. ಮರುದಿನ ಜೊತೆಯಲ್ಲಿ ನಾವೂ ಹೊರಟೆವು.